ಪ್ಲಮ್ ಹಾಲೋ ಕಾಡಿನ ಉರುಳುಗಿಡ

ಹೆದ್ದಾರಿಯ ಪಕ್ಕ, ಹಳೆಯ ಗಾಳಿಯಂತ್ರದ ಹತ್ತಿರ, ಜಿಲ್ಲೆಯವರು ಹೊಸದಾಗಿ ಒಂದು ಕಂಚಿನ ಫಲಕ ನೆಟ್ಟಿದ್ದಾರೆ. 'ಪ್ಲಮ್ ಹಾಲೋ ರಾಷ್ಟ್ರೀಯ ಅರಣ್ಯ, 1906–1915' ಎಂದು ತಲೆಬರಹ, ಕೆಳಗೆ ಐದೇ ಐದು ಸಾಲು. ಕಾನ್ಸಾಸಿನ ಬೋಳು ಮರಳುದಿಬ್ಬಗಳಲ್ಲಿ ಕಾಡು ಬೆಳೆಸಲು ಸರ್ಕಾರ ಹೊರಟಿದ್ದು, ಬರ ಬಂದಿದ್ದು, ಮೊಲಗಳು ಸಸಿ ಕಡಿದಿದ್ದು, ಎಲ್ಲ ಇದೆ. ಕೊನೆಯಲ್ಲಿ, 1913ರ ಮಾರ್ಚ್ ತಿಂಗಳಲ್ಲಿ 'ಗಾಡಿಯಷ್ಟು ದೊಡ್ಡದಾದ ಉರುಳುಗಿಡವೊಂದು ಉರಿಯುತ್ತಾ ಹಾರಿ ಬಂದು' ಉಳಿದಿದ್ದ ಪೈನ್ ಮರಗಳನ್ನೆಲ್ಲ ಸುಟ್ಟುಹಾಕಿತು ಎಂದಿದೆ.

ಅಕ್ಷರಗಳು ದಪ್ಪಗಿವೆ, ಕನ್ನಡಕ ಇಲ್ಲದೆಯೇ ಓದಿದೆ. ಆದರೆ ಆ ದಿನ ಯಾವ ಉರುಳುಗಿಡವೂ, ಬೇರು ಕಳಚಿ ಗಾಳಿಗೆ ಉರುಳುವ ಆ ಒಣ ಮುಳ್ಳಿನ ಉಂಡೆ ಒಂದೂ, ಪೈನ್‌ಗಳ ತನಕ ಹಾರಿ ಬರಲಿಲ್ಲ. ನಾನು ಅಲ್ಲೇ ಇದ್ದೆ.

ನಾನು ಡೆಲಿಯಾ, ಆ ಕಾಡಿನ ಕಾವಲುಗಾರ ಲೂಥರ್ ಹ್ಯಾಸ್ಕೆಲ್‌ನ ಹೆಂಡತಿ. ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲು. ಹಾವಿಗೆ ಹೆದರುತ್ತಿದ್ದೆ, ಸಿಡಿಲಿಗೆ ಹೆದರುತ್ತಿದ್ದೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿಗೆ. ಬಯಲಿನಲ್ಲಿ ಬೆಳೆದವರಿಗೆ ಈ ಭಯವನ್ನು ಯಾರೂ ಕಲಿಸಬೇಕಿಲ್ಲ. ನಾನು ಎಂಟು ವರ್ಷದವಳಿದ್ದಾಗ ಪಕ್ಕದ ಮನೆಯ ತಾಯಿ ಮತ್ತು ಇಬ್ಬರು ಮಕ್ಕಳು ಹುಲ್ಲಿನ ಬೆಂಕಿಯ ಮುಂದೆ ಓಡಿದರು. ಬೆಂಕಿಗಿಂತ ಜೋರಾಗಿ ಓಡಬಹುದು ಎಂದುಕೊಂಡಿದ್ದರು ಪಾಪ. ಅವರನ್ನು ಕಂಬಳಿಯಲ್ಲಿ ಸುತ್ತಿ ತಂದದ್ದನ್ನು ನಾನು ನೋಡಿದ್ದೆ, ನೋಡಬೇಡ ಎಂದರೂ ನೋಡಿದ್ದೆ.

ಇಂಥವಳು ಮದುವೆಯಾದದ್ದು ಹುಲ್ಲು ಕಾಯುವವನನ್ನು. ಲೂಥರ್ ಇದನ್ನು ಕೇಳಿದ್ದರೆ ಸಿಟ್ಟಾಗುತ್ತಿದ್ದ, ಅವನು ಕಾಯುತ್ತಿದ್ದದ್ದು ಕಾಡನ್ನು. ಆದರೆ ಕಾಡೆಲ್ಲಿತ್ತು? ನಾವು ಅಲ್ಲಿಗೆ ಹೋದಾಗ ಒಂಬತ್ತು ಮೈಲಿ ಉದ್ದ, ನಾಲ್ಕು ಮೈಲಿ ಅಗಲದ ಜಾಗದಲ್ಲಿ ನೆರಳು ಬೇಕೆಂದರೆ ಹೇಸರಗತ್ತೆಯ ಹೊಟ್ಟೆಯ ಕೆಳಗೆ ಕೂರಬೇಕಿತ್ತು. ವಾಷಿಂಗ್ಟನ್ನಿನಲ್ಲಿ ಯಾರೋ ನಕ್ಷೆಯ ಮೇಲೆ ಗೆರೆ ಎಳೆದು ಇದು ಕಾಡು ಎಂದಿದ್ದರು. ಇನ್ನು ಮರ ಬೆಳೆಸುವುದೊಂದೇ ಬಾಕಿ.

ಲೂಥರ್ ಬೆಳೆಸಿದ. ಪ್ರತಿ ವಸಂತದಲ್ಲಿ ನೆಬ್ರಾಸ್ಕಾದಿಂದ ರೈಲಿನಲ್ಲಿ ಪೆಟ್ಟಿಗೆಗಟ್ಟಲೆ ಪೈನ್ ಸಸಿ ಬರುತ್ತಿದ್ದವು, ಬೇರಿಗೆ ಒದ್ದೆ ಪಾಚಿ ಸುತ್ತಿಕೊಂಡು. ಅವನು ನೇಗಿಲಿನಿಂದ ಸಾಲು ಹೊಡೆದು, ಸಲಿಕೆಯಿಂದ ಮರಳು ಸೀಳಿ, ಒಂದೊಂದೇ ಸಸಿ ಇಟ್ಟು ಹಿಮ್ಮಡಿಯಿಂದ ಮೆಟ್ಟುತ್ತಿದ್ದ. ಬೇಸಿಗೆಯಲ್ಲಿ ಅವು ಸಾಯುತ್ತಿದ್ದವು, ಚಳಿಗಾಲದಲ್ಲಿ ಉಳಿದದ್ದನ್ನು ಮೊಲ ತಿನ್ನುತ್ತಿತ್ತು. ಮರುವರ್ಷ ಮತ್ತೆ ಪೆಟ್ಟಿಗೆ ಬರುತ್ತಿತ್ತು. ಏಳು ವರ್ಷ ಇದೇ ಪಾಡು. ಕಡೆಗೆ ಬದುಕಿ ನಿಂತದ್ದು ಒಂದೇ ಒಂದು ಕಡೆ: ಮನೆಯಿಂದ ಅರ್ಧ ಮೈಲಿ ದೂರದ ಒಂದು ತಗ್ಗಿನಲ್ಲಿ, ಎಂಟು ಎಕರೆ. ಅಲ್ಲಿಯ ಪೈನ್‌ಗಳು ನನ್ನ ಎದೆಯೆತ್ತರ ಬಂದಿದ್ದವು. ಲೂಥರ್ ಪ್ರತಿ ಭಾನುವಾರ ಊಟವಾದ ಮೇಲೆ ಟೋಪಿ ಹಾಕಿಕೊಂಡು ಅಲ್ಲಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದ, ಬೇರೆಯವರು ಚರ್ಚಿಗೆ ಹೋಗುವ ಹಾಗೆ.

ನಮ್ಮ ಪಶ್ಚಿಮದ ಬೇಲಿಯಾಚೆ ಓರಿನ್ ಯೋಕಮ್‌ನ ದನಗಳ ಬಯಲು. ಸರ್ಕಾರ ಬೇಲಿ ಹಾಕುವ ಮೊದಲು ಅವನ ದನಗಳು ಈ ದಿಬ್ಬಗಳಲ್ಲೇ ಮೇಯುತ್ತಿದ್ದವು, ಆ ಹೊಟ್ಟೆಯುರಿ ಅವನಿಗೆ ಹೋಗಿರಲಿಲ್ಲ. ಬೇಲಿಯ ಕಂಬಕ್ಕೆ ಮೊಣಕೈ ಊರಿ ನಿಂತು ಲೂಥರನನ್ನು ಕೆಣಕುವುದು ಅವನ ದಿನಚರಿ.

"ಏನಯ್ಯಾ ಹ್ಯಾಸ್ಕೆಲ್, ಹುಲಿ-ಗಿಲಿ ಬಂತಾ ನಿನ್ ಕಾಡಿಗೆ?"

"ಬಂದ್ರೆ ಮೊದ್ಲು ನಿನ್ ಕಡೆ ಕಳಿಸ್ತೀನಿ," ಎನ್ನುತ್ತಿದ್ದ ಲೂಥರ್, ಕೆಲಸ ನಿಲ್ಲಿಸದೆ.

"ತಮಾಷೆ ಬಿಡು. ಆ ಹುಲ್ ನೋಡು. ಏಳು ವರ್ಷದಿಂದ ಒಂದು ದನ ಬಾಯಿ ಹಾಕಿಲ್ಲ. ನನ್ ಕಡೆ ಹುಲ್ಲು ಹಿಮ್ಮಡಿಗೂ ಬರಲ್ಲ, ನಿನ್ ಕಡೆ ಸೊಂಟದ ಮಟ್ಟ ನಿಂತಿದೆ. ಒಂದು ಕಿಡಿ ಬಿದ್ರೆ ಏನಾಗತ್ತೆ ಅಂತ ನಿನಗೆ ಗೊತ್ತಾ, ಇಲ್ಲ ಬರೀ ಪುಸ್ತಕ ಓದಿದ್ಯಾ?"

"ದನ ಬಿಟ್ರೆ ಸಸಿ ತುಳೀತವೆ."

"ತುಳಿದ್ರೆ ಅರ್ಧ ಹೋಗ್ತವೆ. ಸುಟ್ರೆ ಪೂರ್ತಿ ಹೋಗತ್ತೆ."

ಯೋಕಮ್ ಹೇಳಿದ್ದು ಸರಿಯಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ಸರಿಯಾಗಿತ್ತು. ಮರಗಳನ್ನು ಕಾಪಾಡಲು ಹೋಗಿ ನಾವು ಹುಲ್ಲನ್ನು ಬೆಳೆಸಿದೆವು. ಗಾಳಿ ಬೀಸಿದಾಗಲೆಲ್ಲ ಆ ಒಣಹುಲ್ಲು ಸರಸರ ಎನ್ನುತ್ತಿತ್ತು, ನಾನು ಬಟ್ಟೆ ಒಗೆಯುವುದನ್ನು ಬಿಟ್ಟು ಪಶ್ಚಿಮಕ್ಕೆ ನೋಡುತ್ತಿದ್ದೆ. ದಿನಕ್ಕೆ ಐವತ್ತು ಸಲ ನೋಡುತ್ತಿದ್ದೆ. ದೂರದಲ್ಲಿ ಯಾರದೋ ಗಾಡಿಯ ಧೂಳು ಕಂಡರೂ ಹೊಗೆಯೆಂದು ಎದೆ ಹಾರುತ್ತಿತ್ತು.

ಬೆಂಕಿಗೆ ಲೂಥರನ ಉಪಾಯ ಬೆಂಕಿಪಟ್ಟಿ. ಪೈನ್ ತೋಪಿನ ಸುತ್ತ ನೇಗಿಲಿನಿಂದ ಆರು ಸಾಲು ಉಳುವುದು, ಹನ್ನೆರಡು ಹೆಜ್ಜೆ ಬಿಟ್ಟು ಮತ್ತೆ ಆರು ಸಾಲು ಉಳುವುದು, ಗಾಳಿಯಿಲ್ಲದ ದಿನ ನೋಡಿ ನಡುವಿನ ಹುಲ್ಲನ್ನು ಸುಟ್ಟುಬಿಡುವುದು. ಬೋಳು ನೆಲದ ಮೇಲೆ ಬೆಂಕಿಗೆ ತಿನ್ನಲು ಏನೂ ಸಿಗುವುದಿಲ್ಲ, ಅಲ್ಲೇ ಸಾಯುತ್ತದೆ. ಬಯಲಿನಲ್ಲಿ ಎಲ್ಲರೂ ಮಾಡುವ ಕೆಲಸವೇ ಇದು. ಆದರೆ ಲೂಥರ್ ಮಾಡಿದಷ್ಟು ಅಚ್ಚುಕಟ್ಟಾಗಿ ಯಾರೂ ಮಾಡುತ್ತಿರಲಿಲ್ಲ, ಪಟ್ಟಿಯಲ್ಲಿ ಒಂದು ಗರಿಕೆ ಎದ್ದರೂ ಕಿತ್ತು ಬರುತ್ತಿದ್ದ.

"ಬೆಂಕಿ ಬಂದ್ರೆ ಮನೇಲಿ ಇರ್ಬೇಡ," ಎಂದು ಅವನು ನನಗೆ ಹೇಳಿದ್ದ. "ಗೋಡೆ ಮಣ್ಣಿನ ಹೆಂಟೆದು, ಆದ್ರೆ ಮಾಡು ಟಾರು ಕಾಗದದ್ದು, ಪಕ್ಕದಲ್ಲೇ ಹುಲ್ಲಿನ ಬಣವೆ. ವಿನ್ನೀನ ಕರ್ಕೊಂಡು ಪೈನ್ ಹತ್ರ ಹೋಗು. ಪಟ್ಟಿ ದಾಟಿ ಒಳಗೆ ಹೋಗಿ ಕೂತ್ಕೋ. ಅದು ದಾಟಲ್ಲ ಡೆಲಿಯಾ. ನನ್ ಮೇಲೆ ನಂಬಿಕೆ ಇಡು."

ವಿನ್ನಿ ನಮ್ಮ ಮಗಳು, ಆಗ ಆರು ವರ್ಷ.

ನಾನು ಹೂಂ ಎಂದೆ. ಆದರೆ ಅವನಿಗೆ ಗೊತ್ತಿಲ್ಲದ ಹಾಗೆ ಏಪ್ರನ್ನಿನ ಜೇಬಿನಲ್ಲಿ ಒಂದು ಸಣ್ಣ ತಗಡಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದೆ. ಕೆಮ್ಮಿನ ಮಾತ್ರೆಯ ಹಳೆಯ ಡಬ್ಬಿ, ಮುಚ್ಚಳದ ಮೇಲೆ ವಿನ್ನಿ ಮೊಳೆಯಲ್ಲಿ ಒಂದು ಕೋಳಿ ಕೆತ್ತಿದ್ದಳು. ಒಳಗೆ ಬೆಂಕಿಕಡ್ಡಿ. ನಮ್ಮಪ್ಪ ಹೇಳಿಕೊಟ್ಟಿದ್ದ: ಓಡಿ ತಪ್ಪಿಸಿಕೊಳ್ಳಲಾಗದ ಬೆಂಕಿ ಹಿಂದಿನಿಂದ ಬಂದರೆ ನಿನ್ನ ಮುಂದಿನ ಹುಲ್ಲಿಗೆ ನೀನೇ ಬೆಂಕಿಯಿಡು, ಗಾಳಿ ಅದನ್ನು ಮುಂದಕ್ಕೆ ಒಯ್ಯುತ್ತದೆ, ನೀನು ಸುಟ್ಟ ನೆಲದ ಮೇಲೆ ಹೋಗಿ ಮಲಗು.

ಆದರೆ ರಾಷ್ಟ್ರೀಯ ಅರಣ್ಯದೊಳಗೆ ಬೆಂಕಿ ಹಚ್ಚುವುದು ಜೈಲಿಗೆ ಹೋಗುವ ಅಪರಾಧ. ಲೂಥರ್ ಹಾಗೆಂದು ಬರೆದ ಬೋರ್ಡನ್ನು ನಮ್ಮ ಬಾಗಿಲಿಗೇ ಹೊಡೆದಿದ್ದ. ಹಿಂದಿನ ವರ್ಷ ಯೋಕಮ್‌ನ ಅಡುಗೆಯವನು ಬೇಲಿಯೊಳಗೆ ಕೂತು ಕಾಫಿ ಕಾಯಿಸಿದ್ದಕ್ಕೆ ಲೂಥರ್ ವರದಿ ಬರೆದ, ಆ ಮುದುಕ ಮೂವತ್ತು ದಿನ ಒಳಗಿದ್ದು ಬಂದ. ನಾನೇ ಬೇಡಿಕೊಂಡಿದ್ದೆ, ಹೋಗಲಿ ಬಿಡು ಎಂದು. "ಕಂಡದ್ದನ್ನ ಬರೀದೆ ಇದ್ರೆ ನಾನ್ ಯಾಕೆ ಇಲ್ಲಿರಬೇಕು?" ಎಂದಿದ್ದ. ಸಂಬಳ ಕೊಡುವವರಿಗೆ ಸುಳ್ಳು ಬರೆಯಬಾರದು, ಅಷ್ಟೇ ಅವನ ಧರ್ಮ. ನನ್ನ ಗಂಡ ಒಳ್ಳೆಯವನು, ಆದರೆ ನೇಗಿಲಿನ ಸಾಲಿನಷ್ಟೇ ನೇರ. ಅಂಥವನ ಜೊತೆ ಇರುವುದು ಸುಲಭವಲ್ಲ.

ಆ ಮಾರ್ಚ್‌ನಲ್ಲಿ ಅವನ ಜೀವವೆಲ್ಲ ಒಂದೇ ಕಡೆ ಇತ್ತು. ಮೇಲಿನಿಂದ ಪತ್ರ ಬಂದಿತ್ತು: ಮಿಸ್ಟರ್ ಪ್ರೆಂಟಿಸ್ ಎಂಬ ಅಧಿಕಾರಿ ಶುಕ್ರವಾರ ಬರುತ್ತಾರೆ, ಬದುಕಿರುವ ಮರ ಇದ್ದರೆ ತೋರಿಸಿ, ಇಲ್ಲವಾದರೆ ಈ ಅರಣ್ಯವನ್ನು ರದ್ದು ಮಾಡುತ್ತೇವೆ. ಲೂಥರ್ ಪತ್ರವನ್ನು ಮೂರು ಸಲ ಓದಿ ನಕ್ಕ. "ಎಂಟು ಎಕರೆ ತೋರಿಸ್ತೀನಿ. ಎಂಟು ಸಾಕು," ಎಂದ.

ಬೆಂಕಿ ಬಂದದ್ದು ಸೋಮವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ.

ಲೂಥರ್ ಪಶ್ಚಿಮದ ಬೇಲಿ ರಿಪೇರಿಗೆ ಹೋಗಿದ್ದ. ನಾನು ಬೆರಣಿ ಒಟ್ಟಿ ಒಲೆ ಹಚ್ಚಿ ಅವರೆಬೀಜ ಬೇಯಲು ಇಟ್ಟಿದ್ದೆ. ಮುಂಜಾನೆಯಿಂದ ಗಾಳಿ ಎಷ್ಟು ಜೋರಾಗಿತ್ತೆಂದರೆ ಕೋಳಿಗಳು ಗೂಡು ಬಿಟ್ಟು ಬಂದಿರಲಿಲ್ಲ. ಬಾಗಿಲು ತೆರೆದಾಗ ಬಿಸಿಲು ಕೆಂಪಗಿತ್ತು. ಆಮೇಲೆ ಮೊಲಗಳನ್ನು ನೋಡಿದೆ. ನೂರಾರು ಮೊಲ ಅಂಗಳದಲ್ಲಿ ನಮ್ಮ ನಾಯಿಯ ಮೂಗಿನ ಮುಂದೆಯೇ ಓಡುತ್ತಿದ್ದವು, ನಾಯಿ ಅವನ್ನು ಅಟ್ಟದೆ ತಾನೂ ಓಡುತ್ತಿತ್ತು. ಪಶ್ಚಿಮಕ್ಕೆ ನೋಡಿದೆ. ಈ ಸಲ ಅದು ಗಾಡಿಯ ಧೂಳಾಗಿರಲಿಲ್ಲ.

ಏಳು ವರ್ಷ ದಿನಕ್ಕೆ ಐವತ್ತು ಸಲ ಇದನ್ನೇ ಕಾದಿದ್ದರೂ, ಬಂದಾಗ ಏನು ಮಾಡಬೇಕೆಂದು ಒಂದು ಗಳಿಗೆ ಮರೆತೇಹೋಯಿತು. ನಾನು ಒಲೆಯ ಮೇಲಿನ ಪಾತ್ರೆಯನ್ನು ಕೆಳಗಿಟ್ಟು, ಮುಚ್ಚಳ ಮುಚ್ಚಿ, ಮೇಲೆ ಒಂದು ಬಟ್ಟೆಯನ್ನೂ ಹೊದಿಸಿದೆ. ಅವರೆಬೀಜಕ್ಕೆ ಧೂಳು ಬೀಳದಿರಲಿ ಎಂದು! ಆಮೇಲೆ ವಿನ್ನಿಯ ಕೈ ಹಿಡಿದು, ಒಂದು ಶಾಲನ್ನು ನೀರಿನ ಬಾನಿಯಲ್ಲಿ ಅದ್ದಿಕೊಂಡು ಓಡಿದೆ.

"ಅಪ್ಪ ಎಲ್ಲಿ?" ವಿನ್ನಿ ಕೇಳಿದಳು.

"ಬರ್ತಾರೆ, ಓಡು."

"ಅಪ್ಪ ಆ ಕಡೆ ಹೋಗಿದ್ರು. ಹೊಗೆ ಕಡೆ."

"ಮಾತಾಡ್ಬೇಡ, ಓಡು."

ಅರ್ಧ ಮೈಲಿ. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ತಗ್ಗಿಗೆ ಇಳಿಯುವಷ್ಟರಲ್ಲಿ ಅದರ ಸದ್ದು ಕೇಳಿಸಿತು. ಬೆಂಕಿಗೆ ಸದ್ದಿರುತ್ತದೆ ಎಂದು ಒಲೆ ಮಾತ್ರ ನೋಡಿದವರಿಗೆ ಗೊತ್ತಿರುವುದಿಲ್ಲ. ಗೂಡ್ಸ್ ರೈಲು ಸೇತುವೆ ದಾಟುವ ಸದ್ದು ಅದು, ಆದರೆ ರೈಲು ದಾಟಿ ಮುಗಿಯುವುದಿಲ್ಲ. ಬೆಂಕಿಪಟ್ಟಿಯನ್ನು ದಾಟಿ ಪೈನ್‌ಗಳ ಅಂಚಿಗೆ ಬಂದು ನಿಂತೆವು. ಲೂಥರ್ ಹೇಳಿದ ಜಾಗ ಅದೇ.

ಅಲ್ಲಿ ನಿಂತು ಒಳಗೆ ನೋಡಿದೆ. ಪೈನ್‌ಗಳ ನಡುವೆಯೂ ಹುಲ್ಲು, ಸೊಂಟದ ಮಟ್ಟ, ಒಣಗಿ ಕಾಗದವಾಗಿತ್ತು. ನಾನು ಎಷ್ಟೋ ಸಲ ಆ ತೋಪಿಗೆ ಬಂದಿದ್ದೆ, ಮರ ನೋಡಿದ್ದೆ, ಹುಲ್ಲನ್ನು ಈ ಕಣ್ಣಿನಿಂದ ನೋಡಿರಲಿಲ್ಲ. ಒಂದೇ ಒಂದು ಕಿಡಿ ಪಟ್ಟಿ ದಾಟಿದರೆ ನಾನು ನನ್ನ ಮಗಳನ್ನು ಒಲೆಯೊಳಗೆ ತಂದು ಕೂರಿಸಿದಂತೆ.

ತಿರುಗಿ ನೋಡಿದೆ. ದಿಬ್ಬದ ಮೇಲೆ ಬೆಂಕಿ ಎದ್ದು ನಿಂತಿತ್ತು, ನಮ್ಮ ಮನೆಯ ಎರಡರಷ್ಟು ಎತ್ತರ. ಅದರ ಮುಂದೆ ಉರುಳುಗಿಡಗಳು ಹತ್ತಿಕೊಂಡು ದಿಬ್ಬ ಇಳಿದು ನಮ್ಮ ಕಡೆಗೇ ಬರುತ್ತಿದ್ದವು. ವಿನ್ನಿ ನನ್ನ ಲಂಗದೊಳಗೆ ಮುಖ ಹುದುಗಿಸಿದಳು. ಅವಳು ಅಳುತ್ತಿರಲಿಲ್ಲ, ನಡುಗುತ್ತಿದ್ದಳು. ಕಂಬಳಿಯಲ್ಲಿ ಸುತ್ತಿ ತಂದ ಆ ಮಕ್ಕಳ ಕಾಲು ನನಗೆ ನೆನಪಾಯಿತು.

ಲೂಥರನ ಮಾತೂ ನೆನಪಿತ್ತು. ಅದು ದಾಟಲ್ಲ, ನಂಬಿಕೆ ಇಡು. ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಂಟು ಎಕರೆ ನೆನಪಿತ್ತು, ಶುಕ್ರವಾರ ನೆನಪಿತ್ತು, ಬಾಗಿಲ ಮೇಲಿನ ಬೋರ್ಡೂ ನೆನಪಿತ್ತು. ಡಬ್ಬಿ ತೆಗೆದೆ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಗಾಳಿಗೆ ಆರಿತು. ಮಂಡಿಯೂರಿ, ಏಪ್ರನ್ ಅಡ್ಡ ಹಿಡಿದು ಮೂರನೆಯದನ್ನು ಗೀರಿ ಪೈನ್‌ಗಳ ಬುಡದ ಹುಲ್ಲಿಗೆ ಇಟ್ಟೆ.

ಹತ್ತಿದ್ದೇ ತಡ, ಗಾಳಿ ಅದನ್ನು ಕಿತ್ತುಕೊಂಡು ಹೋಯಿತು. ಪೈನ್‌ಗಳು ಒಂದೊಂದಾಗಿ ಪಟಪಟ ಸಿಡಿದವು. ಅರಗಿನ ವಾಸನೆ ಬಂತು. ಏಳು ವರ್ಷದ ಕೆಲಸ ಏಳು ನಿಮಿಷವೂ ಉರಿಯಲಿಲ್ಲ.

ಕಪ್ಪು ನೆಲ ಇನ್ನೂ ಹೊಗೆಯಾಡುತ್ತಿರುವಾಗಲೇ ವಿನ್ನಿಯನ್ನು ಎಳೆದುಕೊಂಡು ಅದರ ಮೇಲೆ ಹೋದೆ, ಅವಳನ್ನು ಮಲಗಿಸಿ, ಒದ್ದೆ ಶಾಲು ಹೊದಿಸಿ, ಮೇಲೆ ನಾನು ಬೋರಲು ಬಿದ್ದೆ. ತಲೆ ಮಾತ್ರ ತಿರುಗಿಸಿ ಪಟ್ಟಿಯನ್ನೇ ನೋಡುತ್ತಿದ್ದೆ. ಭಯಕ್ಕೆ ಕಣ್ಣು ಮುಚ್ಚಲಾಗಲಿಲ್ಲ.

ಬೆಂಕಿ ಪಟ್ಟಿಯ ತನಕ ಬಂತು. ಬಂದು ನಿಂತಿತು.

ಉರಿಯುವ ಉರುಳುಗಿಡಗಳು ಉತ್ತ ಸಾಲುಗಳಿಗೆ ಬಿದ್ದವು, ಅಲ್ಲೇ ಸಿಕ್ಕಿಕೊಂಡವು, ಅಲ್ಲೇ ಬೂದಿಯಾದವು. ನಾನು ಒಂದೊಂದನ್ನೂ ನೋಡಿದೆ. ಒಂದೂ ದಾಟಲಿಲ್ಲ. ಬೆಂಕಿ ತೋಪಿನ ಎಡಕ್ಕೂ ಬಲಕ್ಕೂ ಎರಡಾಗಿ ಸೀಳಿ, ನಮ್ಮನ್ನು ಸುತ್ತಿ, ಪೂರ್ವಕ್ಕೆ ಹೋಯಿತು. ಲೂಥರ್ ಹೇಳಿದ ಹಾಗೆಯೇ ಆಯಿತು. ನಾನು ಸುಮ್ಮನೆ ಪೈನ್‌ಗಳ ನಡುವೆ ಕೂತಿದ್ದರೆ ಸಾಕಿತ್ತು. ಪೈನ್ ಇರುತ್ತಿದ್ದವು, ನಾವೂ ಇರುತ್ತಿದ್ದೆವು.

ಲೂಥರ್ ಮತ್ತು ಯೋಕಮ್ ಒಂದೇ ಕುದುರೆಯ ಮೇಲೆ ಬಂದರು. ಇಬ್ಬರ ಹುಬ್ಬೂ ಸುಟ್ಟಿತ್ತು. ಲೂಥರ್ ಕುದುರೆ ನಿಲ್ಲುವ ಮೊದಲೇ ಧುಮುಕಿ, ವಿನ್ನಿಯನ್ನು ಎತ್ತಿಕೊಂಡು, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವನೂ ಹೆದರಬಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ನನ್ನ ಭುಜದ ಮೇಲಿಂದ ತೋಪಿನ ಕಡೆ ನೋಡಿದ. ಅವನ ಕೈ ಸಡಿಲವಾಯಿತು.

"ಹೇಗಾಯ್ತು?" ಎಂದ.

ನಾನು ವಿನ್ನಿಯ ಮುಖದ ಮಸಿ ಒರೆಸತೊಡಗಿದೆ. ಯೋಕಮ್ ಟೋಪಿ ತೆಗೆದು, ಹೊಗೆಯಾಡುವ ಕಡ್ಡಿಗಳನ್ನು ನೋಡುತ್ತಾ ನಿಂತಿದ್ದ. ಕೆಣಕಲಿಲ್ಲ. ಅದರಿಂದ ನನಗೆ ಇನ್ನಷ್ಟು ದಿಗಿಲಾಯಿತು.

ಬೆಂಕಿ ಪಕ್ಕಕ್ಕೆ ಸರಿದು ಹೋದದ್ದರಿಂದ ನಮ್ಮ ಮನೆ, ಕೋಳಿಗೂಡು, ಹೇಸರಗತ್ತೆಗಳು ಉಳಿದವು. ಆದರೆ ಆವತ್ತಿನಿಂದ ನಾಲ್ಕು ದಿನ ನಾನು ಬದುಕಿದ ರೀತಿ ಯಾರಿಗೂ ಬೇಡ. ಬೆಂಕಿಯ ಭಯ ಹೋಯಿತು, ಗಂಡನ ಭಯ ಹಿಡಿಯಿತು. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಬರೆಯುವವನು. ಬೆಂಕಿಯ ಜಾಡು ಓದುವುದನ್ನು ನನಗೆ ಹೇಳಿಕೊಟ್ಟವನೇ ಅವನು: ಹೊತ್ತಿದ ಕಡೆ ಚಿಕ್ಕದಾಗಿರುತ್ತದೆ, ಅಲ್ಲಿಂದ ಬೀಸಣಿಗೆಯ ಹಾಗೆ ಅಗಲವಾಗುತ್ತಾ ಹೋಗುತ್ತದೆ. ತೋಪಿನಲ್ಲಿ ಆ ಬೀಸಣಿಗೆಯ ಹಿಡಿ ಎಲ್ಲಿದೆಯೋ ಅಲ್ಲಿಯೇ, ಉತ್ತ ಮರಳಿನ ಮೇಲೆ, ನನ್ನ ಮಂಡಿಯ ಗುರುತು ಇತ್ತು, ವಿನ್ನಿಯ ಪುಟ್ಟ ಬೂಟಿನ ಗುರುತು ಇತ್ತು. ಏಪ್ರನ್ನಿನ ಜೇಬು ತಡವಿದರೆ ಡಬ್ಬಿಯೂ ಇರಲಿಲ್ಲ. ಅಲ್ಲೇ ಬಿದ್ದಿತ್ತು, ಮುಚ್ಚಳದ ಮೇಲೆ ಕೋಳಿಯ ಸಮೇತ.

ಹೋಗಿ ತರೋಣವೆಂದರೆ ಲೂಥರ್ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ಮಂಗಳವಾರ ಇಡೀ ದಿನ ಅವನು ತೋಪಿನಲ್ಲಿ ಓಡಾಡಿದ, ಬಗ್ಗಿ ಬಗ್ಗಿ ನೋಡಿದ. ಊಟಕ್ಕೆ ಬಂದಾಗ ಜೋಳದ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದ.

ನಾನು ವಿನ್ನಿಯನ್ನು ಕೋಳಿಗೂಡಿನ ಹಿಂದೆ ಕರೆದುಕೊಂಡು ಹೋದೆ.

"ಯಾರಾದ್ರೂ ಕೇಳಿದ್ರೆ, ಏನೂ ನೋಡಿಲ್ಲ ಅನ್ನು."

"ನೋಡಿದ್ದೀನಲ್ಲ?"

"ಶಾಲಿನ ಒಳಗಿದ್ದೆ ನೀನು. ಏನೂ ನೋಡಿಲ್ಲ."

"ಆಮೇಲೆ ತಾನೇ ಶಾಲು? ಮೊದ್ಲು ನೀನು ಕಡ್ಡಿ..."

ನಾನು ಅವಳ ಬಾಯಿ ಮುಚ್ಚಿದೆ. ಮಗುವಿಗೆ ಸುಳ್ಳು ಕಲಿಸಿದ ನಾಚಿಕೆ ನನಗೆ ಇಂದಿಗೂ ಇದೆ. ಆದರೆ ಆಗ ನನ್ನ ಕಣ್ಣ ಮುಂದೆ ಇದ್ದದ್ದು ಜೈಲು, ಅದಕ್ಕೂ ಮೊದಲು, ವರದಿ ಬರೆಯುತ್ತಾ ಕೂತ ಲೂಥರನ ಬೆನ್ನು. ಹೆಂಡತಿ ಎಂದು ಅವನು ಬಿಡುತ್ತಾನೆಯೇ? ಮುದುಕ ಅಡುಗೆಯವನನ್ನು ಬಿಡದವನು?

ಗುರುವಾರ ಬೆಳಗ್ಗೆ ಕಿಟಕಿಯಿಂದ ನೋಡಿದರೆ ಲೂಥರ್ ಹೇಸರಗತ್ತೆಗಳಿಗೆ ಕುಂಟೆ ಹೂಡುತ್ತಿದ್ದ. ತೋಪಿಗೆ ಹೋಗಿ, ಸುಟ್ಟ ಎಂಟು ಎಕರೆಯ ಮೇಲೂ ಬೆಂಕಿಪಟ್ಟಿಯ ಮೇಲೂ ಕುಂಟೆ ಎಳೆಯತೊಡಗಿದ. ಪೈನ್‌ಗಳ ಕರಿ ಮೋಟುಗಳು ಮುರಿದು ಬೀಳುತ್ತಿದ್ದವು. ಕಪ್ಪೂ ಮರಳೂ ಒಂದಾಗಿ ಎಲ್ಲ ಬೂದುಬಣ್ಣಕ್ಕೆ ತಿರುಗಿತು. ದುಃಖಕ್ಕೆ ತಲೆ ಕೆಟ್ಟಿತು ಇವನಿಗೆ ಎಂದುಕೊಂಡು ನಾನು ಓಡಿಹೋದೆ.

"ಏನ್ ಮಾಡ್ತಿದೀಯ ಲೂಥರ್?"

"ಮತ್ತೆ ನೆಡಬೇಕಲ್ಲ. ನೆಲ ಹದ ಮಾಡ್ತಿದೀನಿ." ನನ್ನ ಮುಖ ನೋಡದೆ ಹೇಳಿದ.

"ನಾಳೆ ಅವರು ಬಂದು ನೋಡ್ತಾರೆ. ಜಾಡು ನೋಡ್ಬೇಕು ಅಂತಾರೆ."

"ನೋಡ್ಲಿ."

ಹೇಸರಗತ್ತೆಗಳನ್ನು ಗದರಿಸಿ ಮುಂದೆ ಹೋದ. ನನಗೆ ಅರ್ಥವಾಗಲಿಲ್ಲ. ಭಯಕ್ಕೆ ಬುದ್ಧಿ ಮಂಕಾಗಿರುತ್ತದೆ.

ಶುಕ್ರವಾರ ಪ್ರೆಂಟಿಸ್ ಬಂದರು. ತೆಳ್ಳಗಿನ, ಸೌಮ್ಯ ಮನುಷ್ಯ, ಹೊಳೆಯುವ ಬೂಟು. ಯೋಕಮ್ ಕರೆಯದಿದ್ದರೂ ಹಾಜರಾಗಿದ್ದ. ಎಲ್ಲರೂ ತೋಪಿನ ಬಳಿ ನಿಂತೆವು. ಅಧಿಕಾರಿಗಳು ಕುಂಟೆ ಹೊಡೆದ ನೆಲವನ್ನು ನೋಡಿದರು, ಪಟ್ಟಿಯನ್ನು ಹೆಜ್ಜೆ ಹಾಕಿ ಅಳೆದರು.

"ಇಷ್ಟು ಚೆನ್ನಾಗಿರೋ ಪಟ್ಟಿ ನಾನು ನೋಡಿಲ್ಲ ಹ್ಯಾಸ್ಕೆಲ್," ಎಂದರು. "ಬೆಂಕಿ ಇದನ್ನ ದಾಟಿದ್ದು ಹೇಗೆ?"

ಗಾಳಿಗೆ ಬೂದಿ ಹಾರುತ್ತಿತ್ತು. ಅವರು ವಿನ್ನಿಯ ಎದುರು ಕುಕ್ಕರಗಾಲಿನಲ್ಲಿ ಕೂತರು.

"ನೀನು ಇಲ್ಲೇ ಇದ್ಯಂತೆ ಪುಟ್ಟಿ. ನೀನು ಏನ್ ನೋಡಿದೆ?"

ವಿನ್ನಿ ನನ್ನ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. ತುಟಿ ತೆರೆದಳು. ನಾನೇ ಹೇಳಿಬಿಡುತ್ತೇನೆ, ಮಗು ಹೇಳುವುದು ಬೇಡ ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ.

"ಉರುಳುಗಿಡ," ಎಂದ ಲೂಥರ್.

ಎಲ್ಲರೂ ಅವನ ಕಡೆ ತಿರುಗಿದರು.

"ಉರುಳುಗಿಡ ಹತ್ಕೊಂಡು ಹಾರಿ ಬಂತು. ಪಟ್ಟಿ ದಾಟಿ ಒಳಗೆ ಬಿತ್ತು. ದಿಬ್ಬದ ಮೇಲಿಂದ ನಾನೇ ನೋಡ್ದೆ." ಅವನ ಕಿವಿ ಕೆಂಪಾಗಿದ್ದವು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗದೆ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಪ್ರೆಂಟಿಸ್ ಪಟ್ಟಿಯ ಅಗಲವನ್ನು ಇನ್ನೊಮ್ಮೆ ನೋಡಿದರು. "ಇಷ್ಟು ದೂರ? ಒಂದು ಉರುಳುಗಿಡ?"

ಸೋಮವಾರ ಎಲ್ಲವನ್ನೂ ತನ್ನ ಕಣ್ಣಿನಿಂದ ನೋಡಿದ್ದವನು ಯೋಕಮ್. ಮಂಡಿಯ ಗುರುತು, ಬೂಟಿನ ಗುರುತು, ಎಲ್ಲವನ್ನೂ. ಅವನ ಮುದುಕ ಅಡುಗೆಯವನು ಮೂವತ್ತು ದಿನ ಜೈಲಿನಲ್ಲಿದ್ದ. ಈಗ ಒಂದು ಮಾತು ಹೇಳಿದರೆ ಸಾಕು, ಲೂಥರನ ಏಳು ವರ್ಷದ ನೆಟ್ಟಗಿನ ಬೆನ್ನು ಮುರಿದುಹೋಗುತ್ತಿತ್ತು. ಯೋಕಮ್ ತಂಬಾಕು ಉಗಿದು ಗಂಟಲು ಸರಿಮಾಡಿಕೊಂಡ.

"ಸಣ್ಣದಲ್ಲ ಸಾಹೇಬ್ರೆ," ಎಂದ. "ಗಾಡಿಯಷ್ಟು ದೊಡ್ಡದು. ನಾನೂ ನೋಡ್ದೆ. ನನ್ ಜೀವಮಾನದಲ್ಲಿ ಅಂಥದ್ದು ನೋಡಿಲ್ಲ. ಅದಕ್ಕೆ ಹೇಸರಗತ್ತೆ ಹೂಡೋದೊಂದು ಬಾಕಿ ಇತ್ತು."

ಪ್ರೆಂಟಿಸ್ ಅದನ್ನೂ ಬರೆದುಕೊಂಡರು. ಬರೆದು, ಬದುಕಿರುವ ಮರ ಒಂದೂ ಇಲ್ಲ ಎಂದೂ ಬರೆದುಕೊಂಡರು. ಎರಡು ವರ್ಷದ ಮೇಲೆ ವಾಷಿಂಗ್ಟನ್ನಿನಿಂದ ಕಾಗದ ಬಂತು, ಕಾಡು ಮುಗಿಯಿತು. ಜಮೀನನ್ನು ಒಕ್ಕಲು ಮಾಡಲು ಬಂದವರಿಗೆ ಬಿಟ್ಟುಕೊಟ್ಟರು. ಯೋಕಮ್‌ನ ದನಗಳು ಮತ್ತೆ ದಿಬ್ಬ ಹತ್ತಿದವು.

ಆ ಶುಕ್ರವಾರ ಅಧಿಕಾರಿಗಳ ಗಾಡಿ ಕಣ್ಮರೆಯಾದ ಮೇಲೆ ಲೂಥರ್ ಟೋಪಿ ಹಾಕಿಕೊಂಡು ತೋಪಿಗೆ ಹೋದ, ಭಾನುವಾರ ಹೋಗುತ್ತಿದ್ದ ಹಾಗೆ. ನಾನು ಅಂಗಳದಲ್ಲಿ ನಿಂತೇ ಇದ್ದೆ. ಇವನು ನಿಜವಾಗಿಯೂ ದಿಬ್ಬದ ಮೇಲಿಂದ ಏನೋ ನೋಡಿ ಉರುಳುಗಿಡವೆಂದು ನಂಬಿದನೇ? ಹಾಗಾದರೆ ನಾನು ಬದುಕಿದೆ. ಅಥವಾ ಗೊತ್ತಿದ್ದೂ ಹೇಳಿದನೇ? ಹಾಗಾದರೆ ಈ ಮನುಷ್ಯ ನನ್ನಿಂದಾಗಿ ಏನಾದ?

ಮಧ್ಯಾಹ್ನ ಒಲೆ ಹಚ್ಚಲು ಒಳಗೆ ಹೋದೆ. ಒಲೆಯ ಮೇಲಿನ ಹಲಗೆಯಲ್ಲಿ, ಕಾಫಿ ಡಬ್ಬದ ಪಕ್ಕ, ನನ್ನ ತಗಡಿನ ಡಬ್ಬಿ ಇತ್ತು. ಬಣ್ಣವೆಲ್ಲ ಸುಟ್ಟುಹೋಗಿತ್ತು, ಆದರೂ ಮಸಿ ಒರೆಸಿ ಇಟ್ಟಿದ್ದ. ವಿನ್ನಿಯ ಕೋಳಿ ಇನ್ನೂ ಕಾಣುತ್ತಿತ್ತು. ಮುಚ್ಚಳ ತೆಗೆದೆ.

ಒಳಗೆ ತುಂಬ ಹೊಸ ಬೆಂಕಿಕಡ್ಡಿ ತುಂಬಿಸಿದ್ದ.